ಗೆಲುವಿನ ಪೇಟೆ ಧಾರಣೆ

2015ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಋತು ಆರಂಭವಾಗುವ ಹೊತ್ತಿಗೆ ಅಲ್ಲಿನ ಬುಕ್ಕಿಗಳು ಲೆಸ್ಟರ್ ಸಿಟಿ ತಂಡಕ್ಕೆ ಕೊಟ್ಟಿದ್ದ ದರ 1ಕ್ಕೆ 5,000. ಅಂದರೆ ಆ ತಂಡ ಪ್ರೀಮಿಯರ್ ಲೀಗ್ ಗೆಲ್ಲುತ್ತದೆಂದು 1 ಪೌಂಡ್ ಬಾಜಿ ಕಟ್ಟಿದವನಿಗೆ, ಗೆದ್ದರೆ 5,000 ಪೌಂಡ್. ಕಟ್ಟುವವರಾದರೂ ಯಾರು? ಹಿಂದಿನ ಋತುವಿನಲ್ಲಿ ತಿಂಗಳುಗಟ್ಟಲೆ ಪಟ್ಟಿಯ ತಳದಲ್ಲಿ ಬಿದ್ದಿದ್ದ ಲೆಸ್ಟರ್, ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು, 14ನೇ ಸ್ಥಾನಕ್ಕೇರಿ ಹೇಗೋ ಬಚಾವಾಗಿತ್ತು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಂದಿನಿಂದ 23 ಋತುಗಳಲ್ಲಿ ಪ್ರಶಸ್ತಿ ಪಡೆದದ್ದು ಐದೇ ತಂಡಗಳು. ಆದರೂ ಊರಿನ ಅಭಿಮಾನಕ್ಕೆಂದು ಐದೋ ಹತ್ತೋ ಪೌಂಡ್ ಕಟ್ಟಿದ ಕೆಲವರಿದ್ದರು. 2016ರ ಮೇ 2ರಂದು ಕ್ಲಾಡಿಯೊ ರಾನಿಯೇರಿ ಪಳಗಿಸಿದ ಆ ತಂಡ ಚಾಂಪಿಯನ್ ಆಯಿತು.

ಬಾಜಿಯ ದರವೆಂಬುದು ಬರೀ ಆಮಿಷವಲ್ಲ, ಅದೊಂದು ಹೇಳಿಕೆಯೂ ಹೌದು. 1ಕ್ಕೆ 5,000 ಎಂದರೆ, ಇದೇ ಋತುವನ್ನು ಐದು ಸಾವಿರ ಸಲ ಆಡಿಸಿದರೆ ಲೆಸ್ಟರ್ ಒಂದು ಸಲ ಗೆದ್ದೀತು ಎಂದು ಅರ್ಥ. ಹರಪ್ಪದ ಕಾಲದಿಂದ ವರ್ಷಕ್ಕೊಂದರಂತೆ ಲೀಗ್ ನಡೆದುಕೊಂಡು ಬಂದಿದ್ದರೂ ಒಮ್ಮೆ ಮಾತ್ರ ನಡೆಯಬೇಕಾದ ಸಂಗತಿ! ಇದು ಲೆಕ್ಕಕ್ಕಿಂತ ಹೆಚ್ಚಾಗಿ ಉಡಾಫೆ. ಅಂಥ ದರಕ್ಕೆ ಎದುರು ಮಾತಾಡುವವರಿಲ್ಲದೆ ಹೋದದ್ದೇ ಅದು ಹಾಗೆ ಉಳಿಯಲು ಕಾರಣ. ಎದುರು ಮಾತಾಡುವವರು ಸಾವಿರಾರು ಮಂದಿ ಇದ್ದು, ಪ್ರತಿಯೊಬ್ಬನೂ ತನ್ನ ಮಾತಿನ ಜೊತೆಗೆ ಹಣವನ್ನೂ ಇಡಬೇಕಾಗಿ ಬಂದರೆ ಏನಾಗುತ್ತದೆ? ಅದೇ ಊಹೆಯ ಪೇಟೆ; ಈಚಿನ ವರ್ಷಗಳಲ್ಲಿ ಪ್ರಿಡಿಕ್ಷನ್ ಮಾರ್ಕೆಟ್ ಎಂದು ಹೆಸರಾಗಿರುವುದು.

ಮೊದಲು ಬುಕ್ಕಿಯ ಕಸುಬನ್ನು ನೋಡಬೇಕು. ಫುಟ್‌ಬಾಲ್ ಪಂದ್ಯಕ್ಕೆ ಮೂರು ಫಲಿತಾಂಶಗಳು: ಒಂದು ತಂಡದ ಗೆಲುವು, ಇನ್ನೊಂದರ ಗೆಲುವು, ಡ್ರಾ. ಮೂರರ ಸಾಧ್ಯತೆ ಕೂಡಿದರೆ ನೂರಾಗಬೇಕು. ಬುಕ್ಕಿ ಹಲಗೆಯ ಮೇಲೆ ಬರೆದ ದರಗಳನ್ನು ಹೀಗೆ ಶೇಕಡಾವಾರಿಗೆ ಇಳಿಸಿ ಕೂಡಿದರೆ 50, 30, 27 ಎಂಬಂತೆ 107 ಬರುತ್ತದೆ. ಹೆಚ್ಚಿನ ಆ ಏಳು ಅವನ ಜೀವನೋಪಾಯ. ದರ ಕಟ್ಟುವವನೂ ಅವನೇ, ಎದುರಾಳಿಯೂ ಅವನೇ. ಗಿರಾಕಿಗಿರುವುದು ಒಪ್ಪುವ ಅಥವಾ ಅಂಗಡಿ ಬಿಟ್ಟು ಹೋಗುವ ಸ್ವಾತಂತ್ರ್ಯ ಮಾತ್ರ.

ಬ್ರಿಟನ್ನಿನ ಸಾಮಾನ್ಯ ಕುಟುಂಬಗಳಿಗೆ ಬುಕ್ಕಿಗಿಂತ ಹತ್ತಿರವಾಗಿದ್ದುದು ‘ಪೂಲ್ಸ್’. 1923ರಲ್ಲಿ ಲಿವರ್‌ಪೂಲಿನಲ್ಲಿ ಶುರುವಾದ ಲಿಟಲ್‌ವುಡ್ಸ್ ಇದರಲ್ಲಿ ಪ್ರಸಿದ್ಧ. ವಾರದ ಪಂದ್ಯಗಳ ಫಲಿತಾಂಶ ಊಹಿಸಿ ಕೂಪನ್ ತುಂಬಿ ಕಳಿಸುವುದು, ಕೂಡಿದ ಹಣವನ್ನು ಸರಿಯಾಗಿ ಊಹಿಸಿದವರು ಹಂಚಿಕೊಳ್ಳುವುದು. ಎದುರಾಳಿ ಬುಕ್ಕಿಯಲ್ಲ, ಉಳಿದ ಆಟಗಾರರು. 1963ರ ಚಳಿಗಾಲದಲ್ಲಿ ಮೈದಾನಗಳೆಲ್ಲ ಹೆಪ್ಪುಗಟ್ಟಿ ವಾರಗಟ್ಟಲೆ ಪಂದ್ಯಗಳು ರದ್ದಾದಾಗ ಪೂಲ್ಸ್ ಕಂಪನಿಗಳು ಹಳೆಯ ಆಟಗಾರರ ಒಂದು ಸಮಿತಿಯನ್ನು ಕೂಡಿಸಿ, ಪಂದ್ಯ ನಡೆದಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ತೀರ್ಮಾನಿಸಿದವು. ಆಡದ ಪಂದ್ಯಕ್ಕೆ ಫಲಿತಾಂಶ, ಆ ಫಲಿತಾಂಶಕ್ಕೆ ಬಹುಮಾನ! ಟಾಮ್ ಫಿನ್ನಿ, ಟಾಮಿ ಲಾಟನ್‌ರಂಥವರು ಆ ಸಮಿತಿಯಲ್ಲಿದ್ದರು. ಆದರೆ ಪೂಲ್ಸ್‌ನಲ್ಲಿ ಒಂದು ಕೊರತೆ. ಕೂಪನ್ ಒಮ್ಮೆ ಅಂಚೆಗೆ ಬಿದ್ದರೆ ಮುಗಿಯಿತು. ಮನಸ್ಸು ಬದಲಾಯಿಸುವಂತಿಲ್ಲ.

ಆ ಕೊರತೆ ನೀಗಿದ್ದು 2000ದಲ್ಲಿ. ಆಂಡ್ರ್ಯೂ ಬ್ಲ್ಯಾಕ್ ಮತ್ತು ಎಡ್ವರ್ಡ್ ರೇ ಎಂಬಿಬ್ಬರು ಷೇರುಪೇಟೆಯ ಮಾದರಿಯಲ್ಲಿ ಬಾಜಿಯ ವಿನಿಮಯ ಕೇಂದ್ರವೊಂದನ್ನು ಲಂಡನ್ನಿನಲ್ಲಿ ತೆರೆದರು. ಹೆಸರು ಬೆಟ್‌ಫೇರ್. ಇಲ್ಲಿ ಕೇಂದ್ರಕ್ಕೆ ತನ್ನದೇ ಅಭಿಪ್ರಾಯವಿಲ್ಲ. ಮಂಡಿಯಲ್ಲಿ ದಲ್ಲಾಳಿ ಕಮಿಷನ್ ಪಡೆಯುವಂತೆ ಗೆದ್ದವನಿಂದ ಒಂದಿಷ್ಟು ಪಡೆಯುವುದಷ್ಟೇ ಅದರ ಕೆಲಸ.

ಈ ವ್ಯಾಪಾರ ನಡೆಯುವ ಬಗೆಯನ್ನು ಒಂದು ಚೀಟಿಯ ಮೂಲಕ ಅರಿಯಬಹುದು. ‘ಅರ್ಜೆಂಟೀನಾ ಗೆಲ್ಲುತ್ತದೆ’ ಎಂದು ಚೀಟಿಯ ಮೇಲೆ ಬರೆದಿದೆ. ಗೆದ್ದರೆ ಚೀಟಿ ಹಿಡಿದವನಿಗೆ 100 ರೂಪಾಯಿ, ಇಲ್ಲವಾದರೆ ಸೊನ್ನೆ. ಗೆಲುವಿನ ಸಾಧ್ಯತೆ ಶೇ 70 ಎಂದು ನಂಬಿದವನಿಗೆ ಈ ಚೀಟಿ 60 ರೂಪಾಯಿಗೆ ಸಿಕ್ಕರೆ ಅಗ್ಗ. ಶೇ 50 ಎಂದು ನಂಬಿದವನಿಗೆ ಅದೇ 60ಕ್ಕೆ ಮಾರುವುದು ಲಾಭ. ಒಬ್ಬ 60 ಇಡುತ್ತಾನೆ, ಇನ್ನೊಬ್ಬ 40 ಇಡುತ್ತಾನೆ. ಆ ನೂರು ರೂಪಾಯಿ ಪಂದ್ಯ ಮುಗಿಯುವವರೆಗೆ ಕೇಂದ್ರದಲ್ಲಿರುತ್ತದೆ. ಇಂಥ ಸಾವಿರಾರು ಜೋಡಿಗಳು ಕೂಡಿದಾಗ ಚೀಟಿಯ ಬೆಲೆ ಒಂದು ಕಡೆ ನಿಲ್ಲುತ್ತದೆ. ಪತ್ರಿಕೆಯಲ್ಲಿ ಅಡಿಕೆ, ಮೆಣಸಿನಕಾಯಿಗಳ ಪೇಟೆ ಧಾರಣೆ ಓದುವಂತೆ ಅದನ್ನೂ ಓದಬಹುದು. 60 ರೂಪಾಯಿ ಎಂದರೆ, ಹಣ ಇಟ್ಟವರೆಲ್ಲ ಸೇರಿ ಅರ್ಜೆಂಟೀನಾಕ್ಕೆ ಕೊಟ್ಟ ಅಂಕ ಶೇ 60. ಗೆದ್ದೇ ಗೆಲ್ಲುತ್ತದೆ ಎಂದು ಅದು ಹೇಳುವುದಿಲ್ಲ. ಹತ್ತರಲ್ಲಿ ನಾಲ್ಕು ಸಲ ಗೆಲ್ಲುವುದಿಲ್ಲ ಎಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ಇದನ್ನು ಮರೆತವರೇ ಮರುದಿನ ಪೇಟೆಯನ್ನು ಬೈಯುವವರು.

ಆಟ ನಡೆಯುತ್ತಿರುವಾಗಲೂ ಪೇಟೆ ತೆರೆದಿರುತ್ತದೆ. 2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ಲನ್ನೇ ನೆನೆಯಬಹುದು. ಮೆಸ್ಸಿ, ಡಿ ಮರಿಯಾ ಅವರ ಗೋಲುಗಳಿಂದ 36ನೇ ನಿಮಿಷಕ್ಕೆ ಅರ್ಜೆಂಟೀನಾ 2–0 ಮುಂದೆ. ಅದರ ಚೀಟಿ ನೂರರತ್ತ ಹತ್ತುತ್ತ ಹೋಯಿತು. 80 ಮತ್ತು 81ನೇ ನಿಮಿಷಗಳಲ್ಲಿ ಫ್ರಾನ್ಸಿನ ಎಂಬಾಪೆ ಎರಡು ಗೋಲು ಹೊಡೆದಾಗ ಧಾರಣೆ ಕುಸಿದುಬಿತ್ತು. ಕೊನೆಗೆ 3–3ರ ಸಮಬಲದ ನಂತರ ಪೆನಾಲ್ಟಿಯಲ್ಲಿ ಕಪ್ಪು ಅರ್ಜೆಂಟೀನಾದ್ದೇ ಆಯಿತು. ಇಲ್ಲೊಂದು ಸೂಕ್ಷ್ಮವಿದೆ. ‘ಪಂದ್ಯದ ಫಲಿತಾಂಶ’ ಎಂಬ ಚೀಟಿ ಸಾಮಾನ್ಯವಾಗಿ 90 ನಿಮಿಷಗಳ ಆಟಕ್ಕೆ ಸಂಬಂಧಿಸಿದ್ದು. ‘ಕಪ್ಪು ಯಾರಿಗೆ’ ಎಂಬ ಚೀಟಿ ಬೇರೆ. ಅಂದು 90 ನಿಮಿಷದ ಆಟ ಮುಗಿದಾಗ ಸ್ಕೋರು 2–2. ಅರ್ಜೆಂಟೀನಾ ಗೆದ್ದಿತೆಂದು ಕುಣಿದ ಎಷ್ಟೋ ಅಭಿಮಾನಿಗಳ ಕೈಯಲ್ಲಿದ್ದ ಚೀಟಿಗೆ ಬಂದದ್ದು ಸೊನ್ನೆ.

ಮಧ್ಯದಲ್ಲೇ ಮಾರಿ ಹೊರಬರುವ ಸೌಲಭ್ಯವನ್ನು ಈಗ ಬುಕ್ಕಿಗಳೂ ಕೊಡುತ್ತಾರೆ. ಲೆಸ್ಟರ್ ಮೇಲೆ 50 ಪೌಂಡ್ ಕಟ್ಟಿದ್ದ ಒಬ್ಬಾತ 2016ರ ಮಾರ್ಚ್‌ನಲ್ಲಿ ಸುಮಾರು 72 ಸಾವಿರ ಪೌಂಡ್ ಪಡೆದು ಕೈತೊಳೆದುಕೊಂಡ. ಎರಡು ತಿಂಗಳು ತಡೆದಿದ್ದರೆ ಎರಡೂವರೆ ಲಕ್ಷ ಬರುತ್ತಿತ್ತು. ಅವನು ಪೆದ್ದನೇ? ಎರಡೂವರೆ ಲಕ್ಷದಲ್ಲಿ 72 ಸಾವಿರ ಎಂದರೆ ಶೇ 29. ಲೆಸ್ಟರ್ ಗೆಲ್ಲುವ ಸಾಧ್ಯತೆ ಅದಕ್ಕಿಂತ ಹೆಚ್ಚೆಂದು ಖಚಿತವಾಗಿ ಗೊತ್ತಿದ್ದವನು ಮಾತ್ರ ಅವನನ್ನು ನೋಡಿ ನಗಬಹುದು. ಮನೆಗೆ ಬಂದ 72 ಸಾವಿರ ಪೌಂಡ್ ಸಾಧ್ಯತೆಯಲ್ಲ, ನಿಜವಾದ ಹಣ.

ಗುಂಪಿನ ಊಹೆಗೆ ಬೆಲೆಯುಂಟು ಎಂಬುದಕ್ಕೆ ಹಳೆಯ ಸಾಕ್ಷಿ ಒಂದು ದನದ ಪ್ರದರ್ಶನದಲ್ಲಿದೆ. 1906ರಲ್ಲಿ ಪ್ಲಿಮತ್‌ನಲ್ಲಿ ಕೊಬ್ಬಿದ ಎತ್ತೊಂದರ ಮಾಂಸದ ತೂಕ ಹೇಳುವ ಸ್ಪರ್ಧೆ ನಡೆಯಿತು. ಪ್ರವೇಶಕ್ಕೆ ಆರು ಪೆನ್ಸ್. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 787 ಚೀಟಿಗಳನ್ನು ಪಡೆದು ಕ್ರಮವಾಗಿ ಜೋಡಿಸಿ ನೋಡಿದಾಗ ನಟ್ಟನಡುವೆ ಇದ್ದ ಊಹೆ 1,207 ಪೌಂಡ್. ನಿಜವಾದ ತೂಕ 1,198. ಆರು ಪೆನ್ಸ್ ಶುಲ್ಕವಿದ್ದುದರಿಂದಲೇ ತಮಾಷೆಗೆ ಬರೆಯುವವರು ದೂರ ಉಳಿದರು ಎಂದು ಗಾಲ್ಟನ್ ಗುರುತಿಸಿದ್ದಾನೆ. ಊಹೆಯ ಪೇಟೆಯ ಬಲವೂ ಅಲ್ಲೇ ಇದೆ. ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ವಾದಿಸುವವನು ‘ನೂರು ರೂಪಾಯಿ ಇಡು ನೋಡೋಣ’ ಎಂದೊಡನೆ ದನಿ ತಗ್ಗಿಸುತ್ತಾನೆ.

ಆದರೆ ಎತ್ತಿಗೆ ಅಭಿಮಾನಿಗಳಿರಲಿಲ್ಲ. ಫುಟ್‌ಬಾಲ್ ತಂಡಕ್ಕಿದ್ದಾರೆ. ಇಂಗ್ಲೆಂಡಿನ ಜನ ತಮ್ಮ ದೇಶದ ಚೀಟಿಯನ್ನು ಬೆಲೆ ನೋಡದೆ ಕೊಂಡರೆ ಅಲ್ಲಿನ ಧಾರಣೆ ಏರುತ್ತದೆ. ಪ್ರೀತಿಗೆ ಕೊಟ್ಟ ಆ ಹೆಚ್ಚುವರಿ ಬೆಲೆಯನ್ನು, ಯಾವ ತಂಡದ ಮೇಲೂ ಪ್ರೀತಿಯಿಲ್ಲದ ಲೆಕ್ಕಾಚಾರದ ಮಂದಿ ಎದುರಿಗೆ ನಿಂತು ಜೇಬಿಗಿಳಿಸುತ್ತಾರೆ. ದುರ್ಬಲ ತಂಡಗಳ ಚೀಟಿಗೆ ಅದರ ಯೋಗ್ಯತೆಗಿಂತ ತುಸು ಹೆಚ್ಚು ಬೆಲೆ ಬರುವುದನ್ನೂ ಅರ್ಥಶಾಸ್ತ್ರಜ್ಞರು ಕುದುರೆ ರೇಸಿನ ಕಾಲದಿಂದ ಕಂಡಿದ್ದಾರೆ. ಹಾಗೆ ನೋಡಿದರೆ ಲೆಸ್ಟರ್ ಅಪವಾದ.

ಇದು ವ್ಯಾಪಾರವೋ ಜೂಜೋ ಎಂಬ ಜಗಳ ಬಗೆಹರಿದಿಲ್ಲ. ಅಮೆರಿಕದಲ್ಲಿ ಕಾಲ್ಶಿ ಎಂಬ ಪೇಟೆ 2025ರಲ್ಲಿ ಕ್ರೀಡೆಯ ಚೀಟಿಗಳನ್ನು ತೆರೆದಾಗ, ಇದು ಸರಕಿನ ವಾಯಿದೆ ವ್ಯಾಪಾರದಂಥದ್ದು ಎಂದು ವಾದಿಸಿತು. ಬಾಜಿಯೇ ಎಂದು ಹಲವು ರಾಜ್ಯಗಳು ಆಕ್ಷೇಪಿಸಿದವು. ಭಾರತದಲ್ಲಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಬೆಂಗಳೂರಿನ ಅಭಿಮಾನಿ ಈ ಧಾರಣೆಗಳನ್ನು ಓದಬಹುದು, ಅಷ್ಟೇ.

ಗುಟ್ಟು ಬಲ್ಲವನು ಪೇಟೆಗಿಳಿದರೆ ಉಳಿದವರಿಗೆ ನಷ್ಟ. ಇಂಗ್ಲೆಂಡಿನ ರಕ್ಷಣಾ ಆಟಗಾರ ಕೀರನ್ ಟ್ರಿಪ್ಪಿಯರ್ 2019ರಲ್ಲಿ ತಾನು ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋಗುವ ಸುಳಿವನ್ನು ಆಪ್ತರಿಗೆ ಬಾಜಿಗಾಗಿ ಕೊಟ್ಟದ್ದಕ್ಕೆ 2020ರ ಡಿಸೆಂಬರ್‌ನಲ್ಲಿ ಹತ್ತು ವಾರಗಳ ನಿಷೇಧಕ್ಕೂ 70 ಸಾವಿರ ಪೌಂಡ್ ದಂಡಕ್ಕೂ ಗುರಿಯಾದ. ಆದರೆ ಗುಟ್ಟನ್ನು ಬಯಲಿಗೆಳೆಯುವುದೂ ಅದೇ ಹಣ. 1915ರ ಏಪ್ರಿಲ್ 2, ಗುಡ್ ಫ್ರೈಡೆ. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 2–0ರಿಂದ ಲಿವರ್‌ಪೂಲ್ ತಂಡವನ್ನು ಸೋಲಿಸಿತು. ಪೆನಾಲ್ಟಿಯೊಂದು ಗೋಲಿನಿಂದ ಬಹುದೂರ ಹೋದದ್ದನ್ನು ಕಂಡು ಪ್ರೇಕ್ಷಕರು ಗೊಣಗಿದರು. ಅವರ ಗೊಣಗಾಟದಿಂದ ಏನೂ ಆಗುತ್ತಿರಲಿಲ್ಲವೇನೋ. ಆದರೆ ಸರಿಯಾಗಿ 2–0 ಎಂಬ ಸ್ಕೋರಿನ ಮೇಲೆಯೇ 1ಕ್ಕೆ 7ರ ದರದಲ್ಲಿ ರಾಶಿ ಹಣ ಬಿದ್ದಿರುವುದು ಬುಕ್ಕಿಗಳ ಪುಸ್ತಕದಲ್ಲಿತ್ತು. ತನಿಖೆ ನಡೆದು ಆ ವರ್ಷದ ಡಿಸೆಂಬರ್‌ನಲ್ಲಿ ಎರಡೂ ತಂಡಗಳ ಏಳು ಆಟಗಾರರಿಗೆ ಆಜೀವ ನಿಷೇಧವಾಯಿತು. ಅವರಲ್ಲಿ ಸ್ಯಾಂಡಿ ಟರ್ನ್‌ಬುಲ್ 1917ರಲ್ಲಿ ಯುದ್ಧಭೂಮಿಯಲ್ಲಿ ಮಡಿದ. ಯುದ್ಧ ಮುಗಿದ ಮೇಲೆ ಉಳಿದವರ ನಿಷೇಧ ತೆರವಾಯಿತು, ಒಬ್ಬನದನ್ನು ಬಿಟ್ಟು. ತಾನು ನಿರಪರಾಧಿ ಎಂದು ನ್ಯಾಯಾಲಯಕ್ಕೆ ಹೋಗಿ ಸೋತ ಎನಕ್ ವೆಸ್ಟ್‌ನ ಮೇಲಿನ ನಿಷೇಧ ತೆರವಾದದ್ದು 1945ರಲ್ಲಿ. ಆಗ ಅವನಿಗೆ 59 ವರ್ಷ.