ದಾನ ಕೇಳದ ಸೂರ್ಯನ ಮನೆ

ಜಪಾನಿನ ಬೆಪ್ಪು ಪಟ್ಟಣಕ್ಕೆ ಪ್ರವಾಸಿಗರು ಬರುವುದು ಬಿಸಿನೀರಿನ ಬುಗ್ಗೆಗಳಿಗಾಗಿ. ಕ್ಯೂಶು ದ್ವೀಪದ ಓಯಿತಾ ಪ್ರಾಂತ್ಯದ ಈ ಕರಾವಳಿ ಊರಿನಲ್ಲಿ ರಸ್ತೆಬದಿಯ ಚರಂಡಿಯಿಂದಲೂ ಹಬೆ ಏಳುತ್ತದೆ. ಊರಿನ ಉತ್ತರಕ್ಕಿರುವ ಕಮೆಗಾವಾ ಭಾಗದ ಹೆಸರು ಮಾತ್ರ ಇನ್ನೊಂದು ಕಾರಣಕ್ಕೂ ಪ್ರಸಿದ್ಧ. ಇಲ್ಲಿ ಗಾಲಿಕುರ್ಚಿಯಲ್ಲೇ ಕಾರ್ಖಾನೆಯ ಡ್ಯೂಟಿಗೆ ಹೊರಡುವವರಿದ್ದಾರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಕೊಂಡರೆ ಬಿಲ್ ಮಾಡುವವರೂ ಗಾಲಿಕುರ್ಚಿಯಲ್ಲಿ ಕುಳಿತವರೇ ಆಗಿರಬಹುದು. ಆವರಣದೊಳಗೇ ಬ್ಯಾಂಕ್ ಶಾಖೆಯೂ ಇದೆ. ಇದು ‘ತಾಯೊ ನೊ ಇಎ’, ಅಂದರೆ ಸೂರ್ಯನ ಮನೆ. ಅಂಗವಿಕಲರಿಗೆ ಕೆಲಸ ಕಲಿಸಿ, ಕಲಿತ ಕೈಗೆ ಅಲ್ಲೇ ಉದ್ಯೋಗ ಕೊಡುವ ಸಂಸ್ಥೆ.

ಇದನ್ನು ಕಟ್ಟಿದವರು ಬೆಪ್ಪುವಿನವರೇ ಆದ ಮೂಳೆತಜ್ಞ ಡಾ. ಯುತಾಕಾ ನಕಮುರಾ. 1960ರಲ್ಲಿ ಅವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಹೋದರು. ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ಡಾ. ಲುಡ್ವಿಗ್ ಗುಟ್‌ಮನ್ ಅಲ್ಲಿ ಆಟದ ಮೂಲಕ ಚೇತರಿಸಿಕೊಳ್ಳುವಂತೆ ಮಾಡುತ್ತಿದ್ದರು. ಆ ರೋಗಿಗಳಲ್ಲಿ ಹೆಚ್ಚಿನವರು ಕೆಲವೇ ತಿಂಗಳಲ್ಲಿ ಮನೆಗೆ, ಕೆಲಸಕ್ಕೆ ಮರಳುತ್ತಿದ್ದರು. ಜಪಾನಿನಲ್ಲಿ ಅಂಥವರು ವರ್ಷಗಟ್ಟಲೆ ಹಾಸಿಗೆ ಹಿಡಿದಿರುತ್ತಿದ್ದರು. ಊರಿಗೆ ಮರಳಿದ ನಕಮುರಾ 1961ರಲ್ಲಿ ಓಯಿತಾದಲ್ಲಿ ಅಂಗವಿಕಲರ ಕ್ರೀಡಾಕೂಟ ಏರ್ಪಡಿಸಿದಾಗ, ‘ಪಾಪದವರನ್ನು ಪ್ರದರ್ಶನಕ್ಕಿಡುತ್ತಾನೆ’ ಎಂಬ ದೂರು ಕೇಳಬೇಕಾಯಿತು.

ಅವರ ಕಣ್ಣು ತೆರೆಸಿದ್ದು 1964ರ ಟೋಕಿಯೊ ಪ್ಯಾರಾಲಿಂಪಿಕ್ಸ್. ಜಪಾನ್ ತಂಡದ ಮುಖ್ಯಸ್ಥರು ಅವರೇ. ವಿದೇಶಿ ಆಟಗಾರರಿಗೆ ಉದ್ಯೋಗವಿತ್ತು, ಸಂಸಾರವಿತ್ತು. ಪಂದ್ಯ ಮುಗಿದ ಮೇಲೆ ಪೇಟೆ ಸುತ್ತಲು ಹೊರಡುತ್ತಿದ್ದರು. ಜಪಾನಿನ 53 ಆಟಗಾರರಲ್ಲಿ ಹೆಚ್ಚಿನವರು ಬಂದಿದ್ದು ಆಸ್ಪತ್ರೆ, ಆಶ್ರಯಧಾಮಗಳಿಂದ, ಮರಳಬೇಕಾದದ್ದೂ ಅಲ್ಲಿಗೇ. ಪದಕಕ್ಕಿಂತ ಮೊದಲು ಸಂಬಳ ಬೇಕು ಎಂಬುದು ನಕಮುರಾಗೆ ಖಚಿತವಾಯಿತು. ಮರುವರ್ಷವೇ, 1965ರ ಅಕ್ಟೋಬರಿನಲ್ಲಿ, ಸೂರ್ಯನ ಮನೆ ಬಾಗಿಲು ತೆರೆಯಿತು. ಹೆಸರಿಟ್ಟವರು ಕಾದಂಬರಿಕಾರ ತ್ಸುತೊಮು ಮಿಜುಕಾಮಿ. ಅವರ ಮಗಳಿಗೂ ಹುಟ್ಟಿನಿಂದ ಬೆನ್ನುಹುರಿಯ ತೊಂದರೆಯಿತ್ತು. ‘ದಾನ ಬೇಡ, ಅವಕಾಶ ಕೊಡಿ’ ಎಂಬುದು ಸಂಸ್ಥೆಯ ಘೋಷವಾಕ್ಯವಾಯಿತು.

ಬಿದಿರಿನಿಂದ ಮೈಕ್ರೊಫೋನಿನವರೆಗೆ

ಆರಂಭದಲ್ಲಿ ಕಲಿಸಿದ್ದು ಬಿದಿರಿನ ಕೆಲಸ, ಮರಗೆಲಸ, ಹೊಲಿಗೆ. ಬೆಪ್ಪು ಬಿದಿರಿನ ಕುಶಲಕಲೆಗೆ ಹೆಸರಾದ ಊರು. ಆದರೂ ಅದರಿಂದ ಸಂಸಾರ ಸಾಗಿಸುವಷ್ಟು ಸಂಪಾದನೆ ಹುಟ್ಟಲಿಲ್ಲ. ಕರಕುಶಲ ವಸ್ತುವನ್ನು ಕನಿಕರದಿಂದ ಕೊಳ್ಳುವವರು ಒಮ್ಮೆ ಕೊಂಡಾರು, ತಿಂಗಳು ತಿಂಗಳೂ ಕೊಳ್ಳಲಾರರು. ನಕಮುರಾ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದರು. ಅವರು ಕೇಳಿದ್ದು ದೇಣಿಗೆಯಲ್ಲ, ಪಾಲುದಾರಿಕೆ. ಹಲವರು ಆಗದು ಎಂದುಬಿಟ್ಟರು. ಕೊನೆಗೆ ಒಪ್ಪಿದವರು ಕ್ಯೋಟೊದ ಓಮ್ರಾನ್ ಸಂಸ್ಥಾಪಕ ಕಜುಮಾ ತತೇಇಶಿ. 1972ರಲ್ಲಿ ‘ಓಮ್ರಾನ್ ತಾಯೊ’ ಶುರುವಾಯಿತು. ಮೊದಲ ವರ್ಷವೇ ಲಾಭ ಬಂತು.

ಆಮೇಲೆ ಉಳಿದವರಿಗೂ ಧೈರ್ಯ ಬಂತು. 1978ರಲ್ಲಿ ಸೋನಿ, 1981ರಲ್ಲಿ ಹೋಂಡಾ, 1983ರಲ್ಲಿ ಮಿತ್ಸುಬಿಷಿ ಕಾರ್ಪೊರೇಷನ್, 1984ರಲ್ಲಿ ಡೆನ್ಸೊ ಜಂಟಿ ಕಂಪನಿಗಳನ್ನು ತೆರೆದವು. ಮಿತ್ಸುಬಿಷಿ ಜೊತೆಗಿನ ಕಂಪನಿಯದು ಕಂಪ್ಯೂಟರ್ ಕೆಲಸ. ಕೈಕಾಲಿನ ಚಲನೆ ತೀರಾ ಕಡಿಮೆ ಇದ್ದವರಿಗೂ ಅದರಿಂದ ದಾರಿಯಾಯಿತು. ಪಕ್ಕದ ಹಿಜಿ ಪಟ್ಟಣದ ಸೋನಿ ತಾಯೊದಲ್ಲಿ ತಯಾರಾಗುವ ಸ್ಟುಡಿಯೊ ಮೈಕ್ರೊಫೋನುಗಳು ಜಗತ್ತಿನ ಹೆಸರಾಂತ ಗಾಯಕರ ಮುಂದೆ ನಿಲ್ಲುತ್ತವೆ.

ಇಲ್ಲಿ ತರಬೇತಿಯ ಲೆಕ್ಕಾಚಾರವೇ ಬೇರೆ. ಇರುವ ಯಂತ್ರಕ್ಕೆ ಮನುಷ್ಯನನ್ನು ಒಗ್ಗಿಸುವ ಬದಲು, ಬಂದ ಮನುಷ್ಯನಿಗೆ ಯಂತ್ರವನ್ನು ಒಗ್ಗಿಸುತ್ತಾರೆ. ಬಿಡಿಭಾಗಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುವ ಕೆಲಸವನ್ನೇ ನೋಡಿ. ಒಂದು ಕೈಯಲ್ಲಿ ಚೀಲದ ಬಾಯಿ ಬಿಡಿಸಿ ಹಿಡಿದು, ಇನ್ನೊಂದರಿಂದ ಎಣಿಸಿ ಹಾಕಬೇಕು. ಒಂದೇ ಕೈ ಆಡುವವರಿಗೆ ಇದಾಗದು ಎಂದು ಯಾರಾದರೂ ಹೇಳಿಬಿಡಬಹುದು. ಆದರೆ ಗಾಳಿ ಊದಿ ಚೀಲದ ಬಾಯಿ ತೆರೆದು ಹಿಡಿಯುವ ಚಿಕ್ಕ ಸಾಧನವೊಂದನ್ನು ಮೇಜಿಗೆ ಜೋಡಿಸಿದರೆ ಅಡ್ಡಿ ಅಲ್ಲಿಗೇ ಮುಗಿಯಿತು. ಪೀಣ್ಯದ ಕಾರ್ಮಿಕರಿಗೂ ಪರಿಚಿತವಾದ ‘ಜಿಗ್’ಗಳಿವು, ಇಲ್ಲಿ ಆಯಾ ಕೆಲಸಗಾರನ ದೇಹಕ್ಕೆ ತಕ್ಕಂತೆ ರೂಪುಗೊಳ್ಳುತ್ತವೆ. ಜಗತ್ತಿನಲ್ಲಿ ಅಂಗವಿಕಲರು ಇರಬಹುದು, ಆದರೆ ಕೆಲಸಕ್ಕೆ ವೈಕಲ್ಯವಿಲ್ಲ ಎಂಬ ನಕಮುರಾ ಮಾತಿನ ಅರ್ಥ ಈ ಮೇಜುಗಳ ಮೇಲಿದೆ.

ಹೊರಗಿನ ಕೆಲಸಕ್ಕೆ ಸಜ್ಜಾಗುವವರಿಗೆ ಜಪಾನಿನ ಕಾಯ್ದೆಯಡಿ ಸಾಮಾನ್ಯವಾಗಿ 2 ವರ್ಷದ ತರಬೇತಿ ಸಿಗುತ್ತದೆ. ಅದು ಆಗದವರಿಗೆ ಸಂಸ್ಥೆಯಲ್ಲೇ ದುಡಿಯುವ ವ್ಯವಸ್ಥೆಯಿದೆ. ನಮ್ಮಲ್ಲಿ ತರಬೇತಿ ಮುಗಿದ ದಿನ ಪ್ರಮಾಣಪತ್ರ ಹಂಚಿ, ಫೋಟೊ ತೆಗೆಸಿಕೊಂಡು ಕೈತೊಳೆದುಕೊಳ್ಳುವುದೇ ಹೆಚ್ಚು. ಇಲ್ಲಿ ಕಂಪನಿ ಮೊದಲು ಬಂತು, ಪಾಠ ಅದಕ್ಕೆ ತಕ್ಕಂತೆ ಬದಲಾಯಿತು.

ಊರಿನೊಳಗಿನ ಊರು

ಆವರಣಕ್ಕೆ ಬೇಲಿ ಹಾಕಿಕೊಂಡು ಕೂರಲು ನಕಮುರಾ ಒಪ್ಪಲಿಲ್ಲ. ಸೂಪರ್‌ಮಾರ್ಕೆಟ್, ಬ್ಯಾಂಕ್‌ಗಳಿಗೆ ಸುತ್ತಲಿನ ನಿವಾಸಿಗಳೂ ಬರುತ್ತಾರೆ. ಊರಿನ ಹಳೆಯ ಮ್ಯಾರಥಾನಿನಲ್ಲಿ ಗಾಲಿಕುರ್ಚಿಯವರಿಗೂ ಜಾಗ ಕೇಳಿದಾಗ ಸಿಗಲಿಲ್ಲ. ಹಾಗಾಗಿ 1981ರಲ್ಲಿ ಗಾಲಿಕುರ್ಚಿಯವರದೇ ಅಂತರರಾಷ್ಟ್ರೀಯ ಮ್ಯಾರಥಾನ್ ಓಯಿತಾದಲ್ಲಿ ಹುಟ್ಟಿಕೊಂಡಿತು. 2021ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹುಗ್ 1 ಗಂಟೆ 17 ನಿಮಿಷ 47 ಸೆಕೆಂಡಿನ ವಿಶ್ವದಾಖಲೆ ಬರೆದದ್ದು ಇದೇ ರಸ್ತೆಗಳಲ್ಲಿ. ನಕಮುರಾ 1984ರಲ್ಲಿ, 57ನೇ ವಯಸ್ಸಿಗೇ ತೀರಿಕೊಂಡರು.

ಹೋಗುವುದು ಹೇಗೆ?

ಫುಕುವೊಕಾ ನಗರದ ಹಕಾಟಾ ನಿಲ್ದಾಣದಿಂದ ‘ಸೋನಿಕ್’ ಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಪ್ಪುಗೆ ಸುಮಾರು 2 ಗಂಟೆಯ ಹಾದಿ. ಕಮೆಗಾವಾ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. 2020ರಲ್ಲಿ ತೆರೆದ ತಾಯೊ ಮ್ಯೂಸಿಯಂನಲ್ಲಿ ಸಂಸ್ಥೆಯ ಇತಿಹಾಸದ ಜೊತೆಗೆ ಜಿಗ್‌ಗಳನ್ನೂ ಕ್ರೀಡಾ ಗಾಲಿಕುರ್ಚಿಗಳನ್ನೂ ನೋಡಬಹುದು. ಉದ್ಯೋಗದಾತರಾಗಿ ಹೋಗುವವರು ಜಿಗ್‌ಗಳ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದು.