ಹಳೆಯ .22 ರೈಫಲ್: ಹೆಸರಿಗಿಂತ ನಳಿಗೆ ಮೇಲು

ಕೊಡಗಿನ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ನಡೆಯುತ್ತದೆ. ಕೊಡವರಿಗೂ ಅಲ್ಲಿನ ಜಮ್ಮಾ ಭೂಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ವಿಸ್ತರಿಸಿತು. ಆ ವಿನಾಯಿತಿ ಇಲ್ಲದ ಕೋಲಾರ, ಮಾಲೂರಿನಂಥ ಕಡೆಯವರಿಗೆ ದಾರಿ ಕಿರಿದು. ಅದೇ ವರ್ಷದ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ಸಾಮಾನ್ಯ ಪರವಾನಗಿದಾರರ ಮಿತಿಯನ್ನು ಮೂರು ಬಂದೂಕಿನಿಂದ ಎರಡಕ್ಕೆ ಇಳಿಸಿದೆ. ಹೀಗಿರುವಾಗ ಹಳೆಯ .22 ಬೋಲ್ಟ್ ರೈಫಲ್ ಕೊಳ್ಳುವವರು ಸಂಗ್ರಹದ ಆಸೆಯನ್ನೂ ಗುರಿಯ ನಿಖರತೆಯನ್ನೂ ಒಂದರಲ್ಲೇ ಹುಡುಕಬೇಕಾಗುತ್ತದೆ. ಅಂಥವರು ಕಂಪನಿಯ ಮುದ್ರೆಗಿಂತ ಮೊದಲು ನಳಿಗೆಯನ್ನು ನೋಡಬೇಕೆಂಬುದು ನನ್ನ ವಾದ.

.22 ತೋಟಾದ ಸೀಸದ ಗುಂಡು ಮೃದು, ಒತ್ತಡವೂ ಕಡಿಮೆ. ಸಾವಿರಾರು ಗುಂಡು ಹಾರಿಸಿದರೂ ನಳಿಗೆ ಅಷ್ಟಾಗಿ ಸವೆಯದು. ಅದನ್ನು ಕೆಡಿಸುವುದು ತುಕ್ಕು, ಜೊತೆಗೆ ಬಾಯಿಯ ಕಡೆಯಿಂದ ಒರಟಾಗಿ ತೂರಿಸಿದ ಶುಚಿಕಡ್ಡಿ. ಬಾಯಂಚು ಒಂದು ಬದಿ ಸವೆದರೆ ಗುಂಡಿನ ಹಿಂದಿನ ಅನಿಲ ಸಮನಾಗಿ ಹೊರಬಾರದು, ಗುಂಡು ಓರೆಯಾಗುತ್ತದೆ. ತೋಟಾದ ಅಂಚಿಗೇ ಪೆಟ್ಟು ಬೀಳುವ ವಿನ್ಯಾಸವಾದ್ದರಿಂದ, ಖಾಲಿ ರೈಫಲ್ಲಿನ ಕುದುರೆ ಎಳೆದಾಡಿದವರು ತೋಟಾಗೂಡಿನ ಅಂಚನ್ನೂ ಜಜ್ಜಿರಬಹುದು. ಹಿಂದಿನ ಜೆಕೊಸ್ಲೊವಾಕಿಯದ ಬಂದೂಕು ಕಂಪನಿ ಬ್ರನೊದಂಥ ಹೆಸರಿಗೇ ಬೆಲೆಯಲ್ಲವೇ ಎಂದು ಸಂಗ್ರಾಹಕರು ಕೇಳಬಹುದು. ಬೆಲೆ ಇದೆ, ಮೂಲ ಮರದ ಹಿಡಿಗೂ ಮತ್ತೆ ಹೊಳಪು ಕೊಡದ ಮೂಲ ಉಕ್ಕಿಗೂ ಇದೆ. ಆದರೆ ಸವೆದ ಬಾಯಂಚನ್ನು ನುರಿತ ಕುಶಲಕರ್ಮಿ ಮತ್ತೆ ಕತ್ತರಿಸಿ ಸರಿಪಡಿಸಬಲ್ಲ. ಒಳಗೋಡೆಯಲ್ಲಿ ತುಕ್ಕು ಕೊರೆದ ಗುಳಿಗಳನ್ನು ಯಾವ ಮುದ್ರೆಯೂ ತುಂಬದು.