ಜೋಳಕ್ಕೆ ಪೀಳಿಗೆ, ದಾಳಿಂಬೆಗೆ ಗೂಟಿ

ಬಾಗಲಕೋಟೆ ಹತ್ತಿರದ ತೋಟವೊಂದರಲ್ಲಿ ದಾಳಿಂಬೆಗೆ ಗೂಟಿ ಕಟ್ಟುವುದನ್ನು ನೋಡಿ ಬಂದಾಗಿನಿಂದ ತಲೆಯಲ್ಲಿ ಅದೇ ಗುಂಗು. ಟೊಂಗೆಯ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿದರೆ ಒಂದೆರಡು ತಿಂಗಳಲ್ಲಿ ಬೇರು. ‘ಬೀಜಾ ಯಾಕ ಹಾಕಂಗಿಲ್ರಿ?’ ಎಂದೆ. ತೋಟದ ಹಿರಿಯರು ನಕ್ಕರು: ‘ಬೀಜದ ಗಿಡ ಒಂದೊಂದು ಒಂದೊಂದು ಥರಾ ಆಗ್ತಾವ್ರಿ. ಭಗವಾ ತಳಿ ಬೀಜ ಊರಿದ್ರ ಭಗವಾ ಬರಂಗಿಲ್ಲ.’

ರೈತರಿಗೆ ತಲೆನೋವಾದ ಈ ‘ಒಂದೊಂದು ಥರಾ’ ಎನ್ನುವುದೇ ಯಾವ ವಂಶವಾಹಿ ಎಲ್ಲಿದೆ ಎಂದು ನಕ್ಷೆ ಬರೆಯುವವರ ಬಂಡವಾಳ. ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಇರುವ ವಂಶವಾಹಿಗಳು ಸಾಮಾನ್ಯವಾಗಿ ಜೊತೆಯಾಗಿಯೇ ಮಕ್ಕಳಿಗೆ ದಾಟುತ್ತವೆ. ದೂರವಿದ್ದಷ್ಟೂ ಅಗಲುವುದು ಹೆಚ್ಚು. ನೂರು ಲಿಂಗಾಣುಗಳಲ್ಲಿ ಒಂದರಲ್ಲಿ ಅಗಲಿದ್ದರೆ ಅಂತರ ಒಂದು ಸೆಂಟಿಮಾರ್ಗನ್. ತಳಿವಿಜ್ಞಾನಿ ಸ್ಟರ್ಟೆವೆಂಟ್ 1913ರಲ್ಲಿ ಹಣ್ಣುನೊಣದ ಮೊದಲ ನಕ್ಷೆ ಬರೆದದ್ದು ಈ ಲೆಕ್ಕದಿಂದಲೇ. ತಕರಾರು ಶುರುವಾಗುವುದು ಯಾವ ಕುಟುಂಬವನ್ನು ಎಣಿಸಬೇಕು ಎಂಬಲ್ಲಿ.

ಹುನಗುಂದದ ಎರಿ ಹೊಲದ ಹಿಂಗಾರಿ ಜೋಳಕ್ಕೆ ದಾರಿ ಸಲೀಸು. ಮಾಲದಂಡಿಯಿಂದ ಆಯ್ದ ಎಂ 35-1 ತಳಿ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಎರಡು ತಳಿ ಕೂಡಿಸಿ, ಹುಟ್ಟಿದ್ದನ್ನು ಸ್ವಪರಾಗಕ್ಕೆ ಬಿಟ್ಟರೆ ಎರಡನೇ ಪೀಳಿಗೆಯ ಪ್ರತಿ ಗಿಡದಲ್ಲೂ ಗಂಡು, ಹೆಣ್ಣು ಲಿಂಗಾಣುಗಳೆರಡರಿಂದಲೂ ಬಂದ ವಂಶವಾಹಿ ಕಲಸಾಟದ ಎರಡು ಸಾಕ್ಷಿ; ಮೂಲ ತಳಿಗೇ ಮರಳಿ ಕೂಡಿಸಿದರೆ ಒಂದೇ. ಆದರೆ ಆ ಗಿಡದ ಆಟ ಒಂದು ಹಂಗಾಮಿಗೆ ಮುಗಿಯಿತು. ಬಾದಾಮಿಯ ಹೊಲದಲ್ಲೂ ಬರ ತಡೆಯುತ್ತದೆಯೇ ನೋಡೋಣವೆಂದರೆ ಗಿಡವೇ ಇಲ್ಲ. ಅದಕ್ಕೇ ಒಂದೊಂದೇ ಕಾಳು ಹಿಡಿದು ಆರೆಂಟು ಪೀಳಿಗೆ ಬೆಳೆಸಿ ಸ್ಥಿರ ಸಾಲು ಮಾಡುತ್ತಾರೆ. ವಂಶವಾಹಿ ಜೋಡಿಗಳ ಮಿಶ್ರತೆ ಪೀಳಿಗೆಗೊಮ್ಮೆ ಅರ್ಧವಾಗುತ್ತ, ಆರನೆಯದರಲ್ಲಿ ಶೇ 3ರ ಆಸುಪಾಸಿಗೆ ಇಳಿಯುತ್ತದೆ. ತೀರ ಹತ್ತಿರದ ವಂಶವಾಹಿಗಳ ಅಗಲಿಕೆಯೂ ಸುಮಾರು ಇಮ್ಮಡಿಯಾಗಿ ಕಾಣುತ್ತದೆ. ಬರದಲ್ಲೂ ಎಲೆಯ ಹಸಿರು ಉಳಿಸುವ ತಾಣಗಳು ಸಿಕ್ಕಿದ್ದು ಇಂಥ ಸಾಲುಗಳಲ್ಲೇ.

ದಾಳಿಂಬೆಗೆ ಈ ತಾಳ್ಮೆ ನಡೆಯದು. ಬೀಜದ ಗಿಡ ಹೂ ಬಿಡಲು ಎರಡು-ಮೂರು ವರ್ಷ. ಆರು ಪೀಳಿಗೆ ಎಂದರೆ ಸಂಶೋಧಕರ ನೌಕರಿಯೇ ಮುಗಿದೀತು. ಅದಕ್ಕೆ ಉಪಾಯ ಬಂದದ್ದು ನೀಲಗಿರಿ ಮರದಿಂದ. ಸಂಶೋಧಕರಾದ ಗ್ರಾಟಪಾಲ್ಯ ಮತ್ತು ಸೆಡರಾಫ್ 1994ರಲ್ಲಿ, ತಂದೆ-ತಾಯಿ ಎರಡೂ ಮಿಶ್ರವಾಗಿದ್ದರೆ ಮೊದಲ ಪೀಳಿಗೆಯ ಒಡಹುಟ್ಟುಗಳೇ ಸಾಕೆಂದು ತೋರಿಸಿ, ತಾಯಿಗೊಂದು ತಂದೆಗೊಂದು ನಕ್ಷೆ ಬರೆದರು. ದನಗಳಲ್ಲಾದರೆ ಒಂದೇ ಹೋರಿಯ ಹಲವು ಹೆಣ್ಣುಕರುಗಳನ್ನು ಎಣಿಸುತ್ತಾರೆ. ತಾಯಂದಿರು ಬೇರೆ ಬೇರೆ, ಹೋರಿಯ ಕಡೆಯದಷ್ಟೇ ಸ್ಪಷ್ಟ. ನನಗೆ ಅದು ಅರ್ಧ ಮನೆಯ ಲೆಕ್ಕ.

ಹಾಗಾಗಿ ನನ್ನ ಒಲವು ಗೂಟಿಯ ಕಡೆಗೇ. ಬೀಜದಿಂದ ಎದ್ದ ಪ್ರತಿ ಒಡಹುಟ್ಟಿಗೂ ಗೂಟಿ ಕಟ್ಟಿ ಬಾಗಲಕೋಟೆಯಲ್ಲೂ ಇಳಕಲ್ಲಿನಲ್ಲೂ ಅದೇ ಗಿಡ ನೆಡಬಹುದು. ಜೋಳ ಆರು ಪೀಳಿಗೆ ಕಾದು ಪಡೆದ ಅನುಕೂಲ ಇಲ್ಲಿ ಮೊದಲ ಪೀಳಿಗೆಗೇ ದಕ್ಕುತ್ತದೆ. ಸ್ಥಿರ ಸಾಲಿಗೆ ಕಾಯದೆ ಒಂದೇ ಗಿಡವನ್ನು ಹಾಗೇ ಹೆಚ್ಚಿಸಬಹುದು ಎನ್ನುವುದಕ್ಕೆ ಭಗವಾ ತಾನೇ ಸಾಕ್ಷಿ: ಗಣೇಶ್ ಮತ್ತು ಗುಲ್-ಎ-ಶಾ ರೆಡ್ ತಳಿಗಳನ್ನು ಕೂಡಿಸಿದ ಎರಡನೇ ಪೀಳಿಗೆಯಿಂದ ಆಯ್ದದ್ದು ಅದು. ಇಂದು ಸಾವಿರಾರು ಎಕರೆಯಲ್ಲಿ ನಿಂತಿರುವುದು ಆ ಆಯ್ಕೆಯ ಪಡಿಯಚ್ಚುಗಳೇ. ದುಂಡಾಣು ಅಂಗಮಾರಿ ಬಂದಾಗ ತೋಟಕ್ಕೆ ತೋಟವೇ ನೆಲ ಕಚ್ಚುವುದಕ್ಕೆ ಈ ಏಕರೂಪವೂ ಕಾರಣ.

2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ನಿಮ್ಮ ಬದುವಿನಲ್ಲಿ ಅಂಗಮಾರಿಗೆ ಬಗ್ಗದ ಬೀಜದ ಗಿಡವೇನಾದರೂ ಇದ್ದರೆ ಅದು ಇಂಥ ನಕ್ಷೆಗೆ ಬೇಕಾದೀತು; ಕಡಿಯುವ ಮುನ್ನ ಅಲ್ಲಿಗೊಂದು ಸುದ್ದಿ ಮುಟ್ಟಿಸಿ.